ಕೆಜಿಎಫ್: ಸೈನೈಡ್ ದಿಬ್ಬದಲ್ಲಿ ಸಾಮ್ರಾಜ್ಯದ ಲೆಕ್ಕ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್ ದಾಟಿದರೆ ಬೂದು ಬಣ್ಣದ ಗುಡ್ಡಗಳು ಎದುರಾಗುತ್ತವೆ. ಊರಿನವರಿಗೆ ಅವು ಸೈನೈಡ್ ದಿಬ್ಬ. ಗಣಿಯ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ, ಸುಮಾರು 3.3 ಕೋಟಿ ಟನ್. ಇಲ್ಲಿ ಸಿಕ್ಕ ಚಿನ್ನ 800 ಟನ್ ಆಸುಪಾಸು. ಚಿನ್ನ ಹೋಯಿತು, ಪುಡಿ ಉಳಿಯಿತು.

ಸಾಮ್ರಾಜ್ಯದ ಚರಿತ್ರೆ ಅಂದ್ರೆ ನಮಗೆ ಯುದ್ಧ, ಒಪ್ಪಂದ, ವೈಸರಾಯ್. ಪರಿಸರ ಇತಿಹಾಸದ ಪ್ರಶ್ನೆಗಳೇ ಬೇರೆ: ನೀರು ಎಲ್ಲಿಯದು, ಶಕ್ತಿ ಎಲ್ಲಿಯದು, ಕಸ ಬಿದ್ದದ್ದು ಯಾರ ಅಂಗಳದಲ್ಲಿ?

ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. ಗಣಿ ಆಳವಾದಷ್ಟೂ ನೀರೆತ್ತುವ, ಕಲ್ಲು ಕುಟ್ಟುವ ಖರ್ಚು ಏರಿತು, ಉಗಿಯಂತ್ರ ದುಬಾರಿ. ಪರಿಹಾರ ಸಿಕ್ಕಿದ್ದು ಕಾವೇರಿಯಲ್ಲಿ. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ! ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಗೂ ಕಷ್ಟ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಕಾವೇರಿ ಜಗಳ ಮಾತಾಡುವಾಗ ನಾವು ಮಂಡ್ಯದ ಗದ್ದೆ, ತಂಜಾವೂರಿನ ಗದ್ದೆ ಅಂತೀವಿ. ಕೆಜಿಎಫ್ ಹೆಸರು ಯಾರ ಬಾಯಲ್ಲೂ ಬರಲ್ಲ. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯದು.

ಡಿವಿಡೆಂಡ್ ಲಂಡನ್ನಿಗೆ, ರಾಯಧನ ಮೈಸೂರು ಸಂಸ್ಥಾನಕ್ಕೆ. ಧೂಳು ಮಾತ್ರ ಕೂಲಿಯವರ ಪಾಲು. ಇವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು. ಕಲ್ಲಿನ ಧೂಳು ಶ್ವಾಸಕೋಶ ಗಟ್ಟಿಯಾಗಿಸುವ ಸಿಲಿಕೋಸಿಸ್ ಇಲ್ಲಿದೆ ಎಂದು ವರದಿಯಾದದ್ದು ಕಂಪನಿ ಬಂದು ದಶಕಗಳ ನಂತರ.

ತಪ್ಪನ್ನೆಲ್ಲ ಬಿಳಿಯರ ತಲೆಗೆ ಕಟ್ಟಿದರೆ ಅರ್ಧ ಕಥೆ. 1956ರಲ್ಲಿ ಗಣಿ ರಾಷ್ಟ್ರೀಕರಣವಾಯಿತು, ದಿಬ್ಬ ಬೆಳೆಯುವುದು ನಿಲ್ಲಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಗಾಳಿಗಾಲ ಬಂದರೆ ದಿಬ್ಬದ ಪುಡಿ ಇವತ್ತಿಗೂ ಮನೆಯೊಳಗೆ ನುಗ್ಗುತ್ತದೆ.

ಉಳಿದ ಚಿನ್ನಕ್ಕಾಗಿ 13 ದಿಬ್ಬಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ಕೆಲಸ ಸಿಗುತ್ತೆ ಅಂತ ಊರಲ್ಲಿ ಆಸೆ ಇದೆ, ಅದು ತಪ್ಪಲ್ಲ. ಆದರೆ ಪುಡಿ ಮತ್ತೆ ತೊಳೆಯಲು ನೀರು ಬೇಕು. ಬೋರ್‌ವೆಲ್ ಬತ್ತಿಹೋದ ಕೋಲಾರದಲ್ಲಿ ಈ ಸಲ ಅದನ್ನು ಎಲ್ಲಿಂದ ತರ್ತಾರೆ, ತೊಳೆದ ಪುಡಿ ಎಲ್ಲಿ ಸುರೀತಾರೆ ಅನ್ನೋದನ್ನ ಹರಾಜಿಗೆ ಮೊದಲೇ ಕೋರಮಂಡಲ್‌ನವರಿಗೆ ಬರೆದು ಕೊಡಬೇಕು.