ಟೆಂಟಿಗೆ ಬಂದ ಸಿಐಡಿ 999

1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರ ಸ್ವಾಮಿಯಾಗಿ ಕಾವಿ ಉಟ್ಟಿದ್ದ ರಾಜ್‌ಕುಮಾರ್, 1968ರಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದರು. ಚಿತ್ರ ‘ಜೇಡರ ಬಲೆ’. ಪಾತ್ರದ ಹೆಸರು ಪ್ರಕಾಶ್, ಗುರುತು ಸಿಐಡಿ 999. ಕನ್ನಡ ತೆರೆಗೆ ಬಾಂಡ್ ಮಾದರಿಯ ಗೂಢಚಾರ ಬಂದದ್ದು ಹೀಗೆ. ಮುಂದೆ ಅದು ನಾಲ್ಕು ಚಿತ್ರಗಳ ಸರಣಿಯಾಯಿತು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗರಿಗೆ ಆ ಕಾಲದಲ್ಲಿ ಸಿನಿಮಾ ಎಂದರೆ ಟೂರಿಂಗ್ ಟಾಕೀಸು. ಹೊಸ ಚಿತ್ರ ಬೆಂಗಳೂರಿನ ಗಾಂಧಿನಗರದಲ್ಲಿ ಓಡಿ, ದೊಡ್ಡ ಊರುಗಳನ್ನು ಮುಗಿಸಿಕೊಂಡು, ಗೀರು ಬಿದ್ದ ಪ್ರಿಂಟಾಗಿ ಟೆಂಟಿಗೆ ಇಳಿಯುತ್ತಿತ್ತು. ಕತ್ತಲಾಗದೆ ಆಟವಿಲ್ಲ. ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಸಿತೆಂದರೆ ಸುತ್ತಲಿನ ಹಳ್ಳಿಗಳವರು ಊಟ ಮುಗಿಸಿ ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ. ಹೆಂಗಸರಿಗೆ ಬೇರೆ ಜಾಗ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಭಕ್ತಿಚಿತ್ರಕ್ಕೆ ಇದು ಅಡ್ಡಿ. ಪತ್ತೇದಾರಿ ಚಿತ್ರಕ್ಕಾದರೆ ಲಾಭವೇ: ಮುಂದೇನು ಎಂಬ ಚರ್ಚೆಗೆ ನೆಲದ ಮೇಲೆ ಕೂತವರಿಗೆ ಬಿಡುವು ಸಿಗುತ್ತಿತ್ತು.

ಈ ಸರಣಿಗೂ ತುಮಕೂರು ಜಿಲ್ಲೆಗೂ ಹಳೆಯ ನಂಟಿದೆ. ರಾಜ್‌ಕುಮಾರ್ ಪಳಗಿದ್ದು ಇದೇ ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯಲ್ಲಿ. 1954ರ ಅವರ ಚಿತ್ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲೂ ಗುಬ್ಬಿ ವೀರಣ್ಣನವರ ಕೈ ಇತ್ತು. ‘ಜೇಡರ ಬಲೆ’ಯಲ್ಲಿ ನಗಿಸಿದ ನರಸಿಂಹರಾಜು ತಿಪಟೂರಿನವರು. ಪಿಸ್ತೂಲು, ಕ್ಲಬ್ಬು, ವಿಜ್ಞಾನಿ, ಲೋಹವನ್ನು ಚಿನ್ನ ಮಾಡುವ ಸೂತ್ರ ಎಲ್ಲವೂ ಹೊಸತಾಗಿದ್ದ ಕಥೆಯಲ್ಲಿ ಈ ಎರಡು ಮುಖಗಳು ಮಾತ್ರ ಜನಕ್ಕೆ ಮನೆಯವರಷ್ಟೇ ಪರಿಚಿತ. ಪರದೇಶದ ಸರಕು ಬಯಲುಸೀಮೆಗೆ ಒಗ್ಗಿದ್ದರ ದೊಡ್ಡ ಕಾರಣ ಅದೇ.

ನಿರ್ದೇಶಕರು ದೊರೈ–ಭಗವಾನ್. ಬಿ. ದೊರೈರಾಜ್ ಛಾಯಾಗ್ರಾಹಕರಾಗಿದ್ದವರು, ಎಸ್.ಕೆ. ಭಗವಾನ್ ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ಬಳಿ ಕೆಲಸ ಕಲಿತವರು. ಇಂಗ್ಲಿಷಿನಲ್ಲಿ ಬಾಂಡ್ ಚಿತ್ರ ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ತೆಲುಗಿನಲ್ಲಿ ಕೃಷ್ಣ ‘ಗೂಢಚಾರಿ 116’ ಆದದ್ದು 1966ರಲ್ಲಿ. ಮೂರು ಕಡೆ ಆಂಧ್ರ ಸುತ್ತುವರಿದ, ಮನೆಮಾತು ತೆಲುಗಾದವರು ಬಹಳ ಮಂದಿ ಇರುವ ಪಾವಗಡಕ್ಕೆ ತೆಲುಗು ಚಿತ್ರಗಳ ಸೆಳೆತ ಜಾಸ್ತಿ. ಅಂಥ ಕಡೆ ಕನ್ನಡಕ್ಕೂ ಒಬ್ಬ ಗೂಢಚಾರ ಬೇಕಾಗಿದ್ದ.

‘ಜೇಡರ ಬಲೆ’ಗೆ ಕನ್ನಡದಲ್ಲಿ ಮೇಲ್ಪಂಕ್ತಿ ಇರಲಿಲ್ಲ. ನಾಯಕಿ ಜಯಂತಿ, ಸಂಗೀತ ಜಿ.ಕೆ. ವೆಂಕಟೇಶ್. ನಾಲ್ಕೂ ಚಿತ್ರಗಳಿಗೆ ಸಂಗೀತ ಅವರದೇ. ಸರಣಿಗೆ ಒಂದು ಗುರುತಿನ ದನಿ ದಕ್ಕಿದ್ದು ಅವರಿಂದ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು. ಗೋವಾ ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್‌ನಲ್ಲಿ. ಕಡಲಿನಿಂದ ದೂರವಿರುವ ಈ ತಾಲ್ಲೂಕುಗಳವರಿಗೆ ಅದಿನ್ನೂ ಪರದೇಶದಷ್ಟೇ ಕುತೂಹಲದ ಊರು. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಈ ಚಿತ್ರದಿಂದ. 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ರ ನಾಯಕಿ ರೇಖಾ, ಮರುವರ್ಷವೇ ಆಕೆ ‘ಸಾವನ್ ಭಾದೋ’ದ ಮೂಲಕ ಹಿಂದಿಯಲ್ಲಿ ಹೆಸರಾದರು. ಈ ಮೂರೂ ಕಪ್ಪು ಬಿಳುಪಿನವು, ಒಂದೇ ಉಸಿರಿನಲ್ಲಿ ಮಾಡಿದಂಥವು. ನೆರಳು ಬೆಳಕಿನಲ್ಲೇ ಅರ್ಧ ರಹಸ್ಯ ಕಟ್ಟುವ ಕಸುಬು ದೊರೈರಾಜ್ ಅವರಿಗೆ ಗೊತ್ತಿತ್ತು.

ಆಮೇಲೆ ಒಂಬತ್ತು ವರ್ಷ 999 ನಾಪತ್ತೆ. 1970ರ ‘ಸಿಐಡಿ ರಾಜಣ್ಣ’ ರಾಜ್‌ ಅವರದೇ ಚಿತ್ರವಾದರೂ ಈ ಸಾಲಿಗೆ ಸೇರದು. ದೊರೈ–ಭಗವಾನ್ ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ಗಳ ಕಡೆ ಹೊರಳಿ ಸಂಸಾರದ ಕಥೆಗಾರರಾದರು. 1978ರಲ್ಲಿ ಸರಣಿಯ ನಾಲ್ಕನೆಯ ಚಿತ್ರ ‘ಆಪರೇಷನ್ ಡೈಮಂಡ್ ರಾಕೆಟ್’ ಬಣ್ಣದಲ್ಲಿ ಬಂತು, ಕ್ಯಾಮೆರಾ ನೇಪಾಳದವರೆಗೂ ಹೋಯಿತು. ಮೊದಲು ರಾಜ್‌ಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು, 1974ರ ‘ಸಂಪತ್ತಿಗೆ ಸವಾಲ್’ ಬಳಿಕ ಕಾಲ ಬದಲಾಗಿ, ಇಲ್ಲಿ ರಾಜ್ ತಾವೇ ಇಂಗ್ಲಿಷ್ ಹಾಡು ಹಾಡಿದರು. ಚಿತ್ರಕ್ಕಿಂತ ಹಾಡಿಗೆ ಆಯಸ್ಸು ಹೆಚ್ಚಾಯಿತು. ಅದೇ ವರ್ಷದ ‘ಶಂಕರ್ ಗುರು’ ತ್ರಿಪಾತ್ರದ ಅಬ್ಬರದ ಮುಂದೆ ಗೂಢಚಾರ ಮಂಕಾದ.

ಇಂಗ್ಲಿಷ್ ಬಾಂಡ್ ಅಷ್ಟರಲ್ಲಿ ಶಾನ್ ಕಾನರಿ, ಜಾರ್ಜ್ ಲೇಜನ್‌ಬಿ, ರೋಜರ್ ಮೂರ್ ಎಂದು ಮೂವರ ಕೈ ಬದಲಿಸಿದ್ದ. 999 ಮಾತ್ರ 1968ರ ರಾಜ್‌ಕುಮಾರ್‌ನಿಂದ 1978ರ ರಾಜ್‌ಕುಮಾರ್‌ವರೆಗೆ ಒಬ್ಬನೇ. ಐದನೆಯ ಚಿತ್ರ ಬರಲಿಲ್ಲ, ಇನ್ನೊಬ್ಬ ನಟನಿಗೆ ಆ ಸಂಖ್ಯೆ ದಾಟಲಿಲ್ಲ. ಪಾತ್ರ ಒಬ್ಬರಿಗೇ ಮೀಸಲಾದದ್ದೂ ಸರಣಿ ಚಿಕ್ಕದಾಗಿ ಉಳಿದದ್ದಕ್ಕೆ ಕಾರಣ.

ನಾಲ್ಕರಲ್ಲಿ ಯಾವುದು ಮೇಲು? ವೈಭವ ನೋಡುವವರಿಗೆ ಕೊನೆಯದು, ಹೊಸ ಜಾಗದ ಹುಮ್ಮಸ್ಸಿಗೆ ಗೋವಾದ್ದು. ಧೈರ್ಯ ಮತ್ತು ಬಿಗಿ ನೋಡಿದರೆ ‘ಜೇಡರ ಬಲೆ’ಯನ್ನು ಉಳಿದ ಮೂರೂ ಮೀರಿಸಲಿಲ್ಲ. ಸರಣಿ ನೋಡಹೊರಟವರು ಅಲ್ಲಿಂದಲೇ ಶುರು ಮಾಡಬೇಕು.