ಐದು ಊರು, ಐದು ರೇಸು

ಬೆಂಗಳೂರಿನ ರೇಸ್‌ಕೋರ್ಸ್ ಬಿಡಿ, ಜಾಕ್‌ಪಾಟ್ ಅಂದ್ರೇನು ಅಂತ ನಮ್ಮ ಕಡೆಯ ಲೆಕ್ಕದಲ್ಲೇ ಹೇಳ್ತೀನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಒಂದೊಂದು ಊರಲ್ಲೂ ಹತ್ತು ಕುದುರೆ ಓಡ್ತಾವೆ ಅಂದ್ಕೊಳ್ಳಿ. ಐದೂ ಕಡೆ ಗೆಲ್ಲೋ ಕುದುರೆ ಯಾವುದು ಅಂತ ಮೊದಲೇ ಬರೆದುಕೊಡಬೇಕು. ಇಂಜಿನಿಯರಿಂಗ್ ಓದಿದವನು ನಾನು, ಗುಣಿಸದೆ ಬಿಡಲ್ಲ: 1,00,000 ಜೋಡಣೆ! ರೇಸಿಗೆ ಮೂರರಂತೆ ಹಿಡಿದರೂ ಅದರಲ್ಲಿ ಬರೀ 243.

ಇದರ ಬೇರು ಪ್ಯಾರಿಸ್‌ನಲ್ಲಿದೆ. 1860ರ ದಶಕದಲ್ಲಿ ಜೋಸೆಫ್ ಒಲ್ಲರ್ ಎಂಬಾತ ಒಂದು ಪದ್ಧತಿ ತಂದ. ಎಲ್ಲರ ದುಡ್ಡೂ ಒಂದೇ ಗಂಟಿಗೆ. ನಡೆಸುವವನು ಮೊದಲು ತನ್ನ ಪಾಲು ಮುರಿದುಕೊಳ್ತಾನೆ, ಉಳಿದದ್ದು ಗೆದ್ದವರಿಗೆ. ಐದನ್ನೂ ಯಾರೂ ಸರಿ ಹೇಳದಿದ್ದರೆ? ದೊಡ್ಡ ಪಾಲು ಮುಂದಿನ ಜಾಕ್‌ಪಾಟ್‌ಗೆ ಸೇರುತ್ತೆ. ಗಂಟು ಊದಿದಷ್ಟೂ ಜನ ಮುಗಿಬೀಳ್ತಾರೆ. ಅದು ನಿನ್ನೆ ಸೋತವರ ದುಡ್ಡು ಅನ್ನೋದು ಯಾರಿಗೂ ನೆನಪಿರಲ್ಲ. ನಿಜ, ಅಂಥ ದಿನ ಲೆಕ್ಕ ಆಡುವವನ ಕಡೆಗೆ ಒಂಚೂರು ವಾಲುತ್ತೆ. ಆದ್ರೆ ನೂರಾರು ಜೋಡಣೆಗೆ ದುಡ್ಡು ಕಟ್ಟೋ ತಾಕತ್ತು ಇದ್ದವನಿಗೇ ಅದರ ಲಾಭ.

ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇರಲಿ. 2023ರ ಅಕ್ಟೋಬರ್‌ನಲ್ಲಿ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು. ಗುಳೆ ಹೋದ ಕೂಡ್ಲಿಗಿ ಹುಡುಗ ಕೂಲಿ ದುಡ್ಡು ಕಟ್ಟಿದರೂ ಅಷ್ಟೇ; ಕುದುರೆ ಓಡೋ ಮೊದಲೇ ಸರ್ಕಾರ ತನ್ನದನ್ನ ಎಣಿಸಿಕೊಂಡಾಯ್ತು.