ಸಂಸದ್ ಭವನದ ಸ್ಮಾರಕ ನಾಣ್ಯಗಳೂ ಕೊಳ್ಳೇಗಾಲ ಸೀಮೆಯೂ

ನಾಣ್ಯಸಂಗ್ರಹವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಕಂಠೀರವ ನರಸರಾಜ ಒಡೆಯರ ಚಿನ್ನದ ಹಣದ ಕಡೆಗೋ ಮುಮ್ಮಡಿ ಕೃಷ್ಣರಾಜ ಒಡೆಯರ ಆನೆಯ ಕಾಸಿನ ಕಡೆಗೋ ಹರಿಯುವುದು ಸಹಜ. ನಮ್ಮ ಕಾಲದ ನಾಣ್ಯಗಳೂ ಇತಿಹಾಸದ ಆಕರಗಳೇ ಎಂಬುದನ್ನು ಸಂಸದ್ ಭವನಗಳ ಸ್ಮಾರಕ ನಾಣ್ಯಗಳಿಂದ ತೋರಿಸುವುದು ಈ ಲೇಖನದ ಉದ್ದೇಶ.

ಲಟ್ಯೆನ್ಸ್ ಮತ್ತು ಬೇಕರ್ ಎಂಬ ಶಿಲ್ಪಿಗಳು ರೂಪಿಸಿದ, 1927ರಲ್ಲಿ ಉದ್ಘಾಟನೆಗೊಂಡ ವರ್ತುಲಾಕಾರದ ಭವನವು, ಸಂಸತ್ತಿಗೆ 60 ವರ್ಷ ತುಂಬಿದ ಸ್ಮರಣಾರ್ಥ 2012ರ 5 ಮತ್ತು 10 ರೂಪಾಯಿ ನಾಣ್ಯಗಳ ಮೇಲೆ ಅಂಕಿತವಾಯಿತು. ಅವು ಚಲಾವಣೆಗೆ ಬಂದು ಜನರ ಕೈಯಲ್ಲಿ ಸವೆದುವು. ಹೊಸ ಭವನವು 2023ರ ಮೇ 28ರಂದು ಉದ್ಘಾಟನೆಯಾದಾಗ ಹೊರಬಂದ 75 ರೂಪಾಯಿಯ ನಾಣ್ಯವಾದರೋ ಸಂಗ್ರಾಹಕರಿಗಾಗಿ ಮಾರಾಟವಾದದ್ದು. ಅದರ ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ. ಲೋಹದಲ್ಲಿ ಶೇಕಡ 50 ಬೆಳ್ಳಿ, 40 ತಾಮ್ರ, ನಿಕ್ಕಲ್ ಮತ್ತು ಸತು ತಲಾ 5. ಮೊದಲನೆಯದು ಸಂತೆಯ ನಾಣ್ಯ, ಎರಡನೆಯದು ಪೆಟ್ಟಿಗೆಯ ನಾಣ್ಯ.

ಇವುಗಳಲ್ಲಿ ಬೆಳ್ಳಿಯ ನಾಣ್ಯವೇ ಅಮೂಲ್ಯವೆಂದು ಹೊಸ ಸಂಗ್ರಾಹಕನು ಭಾವಿಸುವುದುಂಟು. ಆದರೆ ನಮ್ಮ ಸೀಮೆಯ ದೃಷ್ಟಿಯಿಂದ ಸವೆದ 5 ರೂಪಾಯಿಯೇ ಹೆಚ್ಚು ಮಾತನಾಡುತ್ತದೆ. ಅದು ಸ್ಮರಿಸುವ ಅವಧಿಯು 1952ರಿಂದ ಆರಂಭವಾಗುತ್ತದೆ. ಆಗ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿದ್ದ ಯಳಂದೂರು ಮೈಸೂರಿನಲ್ಲಿತ್ತು. ನೆರೆಯ ಕೊಳ್ಳೇಗಾಲವಾದರೋ, ಅದರೊಳಗಿದ್ದ ಹನೂರು ಸಹಿತ, ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಎಳೆಯಲ್ಪಟ್ಟ ಆ ಗಡಿಯು ಅಳಿದದ್ದು ರಾಜ್ಯ ಪುನರ್ವಿಂಗಡಣಾ ಶಾಸನದಿಂದ, 1956ರ ನವೆಂಬರ್ 1ರಂದು. ಆ ಶಾಸನವನ್ನು ಅಂಗೀಕರಿಸಿದ್ದು ಈ ನಾಣ್ಯದ ಮೇಲಿರುವ ಭವನದಲ್ಲಿಯೇ. ಕೊಳ್ಳೇಗಾಲದ ಅಂಗಡಿಯಲ್ಲಿ ಚಿಲ್ಲರೆಯಾಗಿ ಬಂದ ನಾಣ್ಯವು ಆ ಊರಿನ ರಾಜ್ಯವನ್ನೇ ಬದಲಿಸಿದ ಸಭೆಯ ಚಿತ್ರವನ್ನು ಹೊತ್ತಿತ್ತೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರು?

ನಾಣ್ಯವು ಈ ವೃತ್ತಾಂತವನ್ನು ತಾನಾಗಿ ಹೇಳದು. ಪ್ರಭುತ್ವವು ತನ್ನ ಬಗೆಗೆ ಏನನ್ನು ಸ್ಮರಿಸಬಯಸಿತೆಂಬುದನ್ನಷ್ಟೇ ಹೇಳುತ್ತದೆ. ಉಳಿದುದನ್ನು ಶಾಸನ, ದಫ್ತರ ಮತ್ತು ಹಿರಿಯರ ನೆನಪುಗಳಿಂದ ಪೂರಣಮಾಡುವುದು ವಿದ್ಯಾರ್ಥಿಯ ಕೆಲಸ. ಆದುದರಿಂದ ಸಂಗ್ರಾಹಕನು ನಾಣ್ಯವನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಬಾರದು. ಅದು ದೊರೆತ ಊರು, ದಿನ, ಸಂದರ್ಭಗಳನ್ನು ಬರೆದಿಡಬೇಕು. ಸವೆತವೂ ಒಂದು ಸಾಕ್ಷ್ಯವೇ. ಬೆಲೆಕೊಟ್ಟು ತಂದ ನಾಣ್ಯದಲ್ಲಿ ಪ್ರಭುತ್ವದ ಸಂಕಲ್ಪವಿದೆ. ಕೈಯಿಂದ ಕೈಗೆ ಸಾಗಿಬಂದುದರಲ್ಲಿ ಜನಜೀವನದ ಗುರುತೂ ಇದೆ. ನಮ್ಮ ಕಾಲೇಜುಗಳ ಸಂಗ್ರಹಗಳಲ್ಲಿ ಎರಡಕ್ಕೂ ಸ್ಥಾನವಿರಲಿ.